ಮಡಿಯುಟ್ಟ ದುಡ್ಡು

ಊರಿಗೆ ಕಾರ್ಖಾನೆಯೊಂದು ಬಂದರೆ ಅದರ ಹೊಗೆಕೊಳವೆ ನಾಲ್ಕು ಮೈಲಿಯಾಚೆಗೂ ಕಾಣುತ್ತದೆ. ಕಲ್ಲಿನ ಕ್ವಾರಿ ಬಂದರೆ ಮನೆಯ ಕಿಟಕಿಗಳೇ ಅದುರಿ ಸುದ್ದಿ ಹೇಳುತ್ತವೆ. ಮೀನೆಣ್ಣೆಯ ಕಾರ್ಖಾನೆ ಬಂದದ್ದು ಮೂಗಿಗೇ ತಿಳಿಯುತ್ತದೆ. ಬ್ಯಾಂಕಿಗೆ ಮಾತ್ರ ಹೊಗೆಯಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ತಣ್ಣಗಿನ ಕೋಣೆ, ಗಾಜಿನ ಬಾಗಿಲು, ಗೋಡೆಯ ಮೇಲೆ ನಗುನಗುತ್ತಾ ನಿಂತ ಗಂಡ ಹೆಂಡತಿ ಮಕ್ಕಳ ಚಿತ್ರ. ಈಗ ಕೆಲವು ವರ್ಷಗಳಿಂದ ಆ ಗೋಡೆಗೆ ಇನ್ನೊಂದು ಚಿತ್ರ ಸೇರಿದೆ: ಎರಡು ಅಂಗೈಗಳ ನಡುವೆ ಹಿಡಿಮಣ್ಣು, ಅದರಲ್ಲೊಂದು ಎಳೆಯ ಸಸಿ, ಕೆಳಗೆ ‘ಹಸಿರು ಠೇವಣಿ’ ಎಂಬ ಅಕ್ಷರ.

ಸಸಿಯ ಮೇಲೆ ನನಗೆ ಸಿಟ್ಟಿಲ್ಲ. ಸಸಿಯನ್ನು ಮುಂದಿಟ್ಟುಕೊಂಡು ಹಿಂದೆ ಏನು ನಡೆಯುತ್ತಿದೆ ಎಂದು ಕೇಳುವವರಿಲ್ಲವಲ್ಲ, ಅದರ ಮೇಲೆ ಸಿಟ್ಟು. ಹಾಗೆ ಕೇಳಬೇಕಾದವರು ನಾವು, ಅಂದರೆ ಹೆಂಗಸರು. ಏಕೆಂದರೆ ಸಣ್ಣ ಪಟ್ಟಣಗಳ ಬ್ಯಾಂಕುಗಳಲ್ಲಿ ಐವತ್ತು ಸಾವಿರ, ಒಂದು ಲಕ್ಷ, ಎರಡು ಲಕ್ಷ ಎಂದು ಠೇವಣಿ ಇಟ್ಟು, ಅವಧಿ ಮುಗಿದ ಕೂಡಲೇ ಮರುಮಾತಿಲ್ಲದೆ ಮತ್ತೆ ಅಲ್ಲೇ ಇಡುವವರಲ್ಲಿ ನಮ್ಮಂಥವರು ಬಹಳ ಮಂದಿ. ನಿವೃತ್ತ ಟೀಚರು, ಗಂಡನ ಪಿಂಚಣಿ ಪಡೆಯುವವರು, ಮಗಳ ಮದುವೆಗೆಂದು ಕೂಡಿಟ್ಟವರು, ಹೊಲಿಗೆ ಹಾಕಿ ಉಳಿಸಿದವರು. ನಾವು ಬಡ್ಡಿಯ ದರ ಕೇಳುತ್ತೇವೆ, ನಾಮಿನಿ ಯಾರೆಂದು ಬರೆಸುತ್ತೇವೆ, ಬಾಂಡನ್ನು ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೆ ಇಡುತ್ತೇವೆ. ಆ ದುಡ್ಡು ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಮಗ ಸಂಜೆ ಎಂಟಾದರೂ ಮನೆಗೆ ಬಾರದಿದ್ದರೆ ನಾಲ್ಕು ಕಡೆ ಫೋನು ಮಾಡುವವರು ನಾವು. ಹತ್ತು ವರ್ಷ ಬೆವರು ಸುರಿಸಿ ಉಳಿಸಿದ ದುಡ್ಡು ಯಾರ ಜೊತೆ ತಿರುಗುತ್ತಿದೆ ಎಂಬ ವಿಚಾರಣೆ ಮಾತ್ರ ನಮಗೆ ಬೇಡ!

“ಅದೆಲ್ಲ ನಿಮಗೆ ಯಾಕೆ ಅತ್ತಿಗೆ? ಬಡ್ಡಿ ಸರಿಯಾಗಿ ಬರ್ತದಲ್ಲ, ಸಾಕು ಮಾರಾಯ್ರೆ,” ಎನ್ನುತ್ತಾನೆ ನನ್ನ ಮೈದುನ. ಅವನು ಕೆಟ್ಟವನಲ್ಲ. ಆದರೆ ದುಡ್ಡಿನ ವಿಷಯಕ್ಕೆ ಬಂದಾಗ ಹೆಂಗಸರಿಗೆ ಬಡ್ಡಿ ಸಾಕು, ಅಸಲಿನ ಯೋಚನೆ ಗಂಡಸರದ್ದು ಎಂಬ ನಂಬಿಕೆ ಈ ದೇಶದಲ್ಲಿ ಎಷ್ಟು ಹಳೆಯದು ಎಂದರೆ, ಅದನ್ನು ಹೇಳುವವರಿಗೇ ಅದು ಕೇಳಿಸುವುದಿಲ್ಲ.

ಮೊದಲು ಈ ಹಸಿರು ಠೇವಣಿ ಎಂದರೇನು ಎಂದು ನೋಡೋಣ. ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಇದಕ್ಕೊಂದು ನಿಯಮಾವಳಿ ಹೊರಡಿಸಿತು. ಅದೇ ವರ್ಷದ ಜೂನ್ 1ರಿಂದ ಅದು ಜಾರಿಗೆ ಬಂತು. ಹಸಿರು ಠೇವಣಿ ಎಂದು ಹೇಳಿ ಸಂಗ್ರಹಿಸಿದ ಹಣವನ್ನು ಬ್ಯಾಂಕುಗಳು ಸೌರ ಮತ್ತು ಗಾಳಿ ವಿದ್ಯುತ್ತು, ವಿದ್ಯುತ್ತಿನ ಉಳಿತಾಯ, ಹೊಗೆಯುಗುಳದ ವಾಹನ, ನೀರು ಮತ್ತು ಕಸದ ಸರಿಯಾದ ನಿರ್ವಹಣೆ, ಮಾಲಿನ್ಯ ತಡೆ, ಜೀವಿಸಂಕುಲದ ರಕ್ಷಣೆ ಮುಂತಾದವಕ್ಕೆ ಮಾತ್ರ ಕೊಡಬೇಕು. ಕಲ್ಲಿದ್ದಲು, ಪೆಟ್ರೋಲಿಯಂ ತೆಗೆಯುವುದಕ್ಕೆ ಕೊಡಕೂಡದು. ಅಣುವಿದ್ಯುತ್ತು, ಹೆಂಡ, ತಂಬಾಕು, ಶಸ್ತ್ರಾಸ್ತ್ರ, ತಾಳೆ ಎಣ್ಣೆಯ ಉದ್ಯಮ, 25 ಮೆಗಾವಾಟ್‌ಗಿಂತ ದೊಡ್ಡ ಜಲವಿದ್ಯುತ್ ಯೋಜನೆ, ಯಾವುದಕ್ಕೂ ಕೂಡದು. ಹಣ ಎಲ್ಲಿಗೆ ಹೋಯಿತೆಂದು ಪ್ರತಿ ವರ್ಷ ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು.

ಪಟ್ಟಿ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಇದನ್ನು ಬರೆದವರು ಬುದ್ಧಿವಂತರೇ. ಆದರೆ ಈ ಪಟ್ಟಿಯನ್ನು ಓದುತ್ತಾ ಓದುತ್ತಾ ನನಗೆ ನೆನಪಾದದ್ದು ಹಳೆಯ ಕಾಲದ ಮಡಿ. ಒಳಕೋಣೆಯ ಒಂದು ಮೂಲೆಯಲ್ಲಿ ಮಡಿಯ ಕೊಡಪಾನ ಬೇರೆ. ಅದನ್ನು ಮಕ್ಕಳು ಮುಟ್ಟುವಂತಿಲ್ಲ, ಒಗೆಯದ ಬಟ್ಟೆ ತಾಗುವಂತಿಲ್ಲ. ಅಷ್ಟು ಕಟ್ಟುನಿಟ್ಟು! ಆದರೆ ಅದೇ ಮನೆಯ ಯಜಮಾನರು ಹೊರಗೆ ಯಾರ ಗೇಣಿ ಕಸಿದುಕೊಂಡರು, ಯಾವ ಬಡ್ಡಿಯ ಲೆಕ್ಕದಲ್ಲಿ ಯಾರ ಗದ್ದೆ ಬರೆಸಿಕೊಂಡರು ಎಂಬುದಕ್ಕೂ ಆ ಕೊಡಪಾನಕ್ಕೂ ಸಂಬಂಧವೇ ಇಲ್ಲ. ಮೂಲೆಯ ಒಂದು ಕೊಡಪಾನ ಶುದ್ಧವಾಗಿದ್ದರೆ ಮನೆಯೆಲ್ಲ ಶುದ್ಧ. ಮಡಿಯ ಕೊಡಪಾನಕ್ಕೂ ಮೈಲಿಗೆಯ ಬಕೆಟ್ಟಿಗೂ ನೀರು ಬರುವುದು ಒಂದೇ ಬಾವಿಯಿಂದ ಎಂದು ಯಾರೂ ಹೇಳುತ್ತಿರಲಿಲ್ಲ.

ಹಸಿರು ಠೇವಣಿಯೂ ಅಂಥದೇ ಒಂದು ಕೊಡಪಾನ. ರಿಸರ್ವ್ ಬ್ಯಾಂಕಿನ ಕಟ್ಟಳೆಯೆಲ್ಲ ಆ ಕೊಡಪಾನಕ್ಕೆ ಮಾತ್ರ. ನಿಮ್ಮ ಉಳಿತಾಯ ಖಾತೆ, ನಿಮ್ಮ ಮಾಮೂಲು ಠೇವಣಿ, ನಿಮ್ಮ ಆರ್.ಡಿ., ಇವುಗಳಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಬ್ಯಾಂಕಿನ ಬಾವಿಯೋ ಒಂದೇ.

ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ತಿಂಗಳಿಗೆ ಎರಡು ಸಾವಿರ ರೂಪಾಯಿಯ ಅಕ್ಕಿ ಹೇಗಿದ್ದರೂ ತರಲೇಬೇಕಾದ ಮನೆ ಅದು ಎಂದುಕೊಳ್ಳಿ. ತವರಿನಿಂದ ಅಣ್ಣ ಬಂದು, “ಇದರಲ್ಲಿ ಅಕ್ಕಿಯನ್ನೇ ತರಬೇಕು, ಬೇರೇನೂ ಮಾಡಕೂಡದು” ಎಂದು ಎರಡು ಸಾವಿರ ಕೊಟ್ಟು ಹೋದ. ಅಕ್ಕಿ ಬಂತು. ಚೀಟಿ ತೋರಿಸಿದರೆ ಅಣ್ಣನಿಗೂ ಸಮಾಧಾನ. ಆದರೆ ಅಕ್ಕಿಗೆಂದು ತೆಗೆದಿಟ್ಟಿದ್ದ ಮನೆಯ ಎರಡು ಸಾವಿರ ಈಗ ಕೈಯಲ್ಲಿ ಉಳಿಯಿತಲ್ಲ? ಅದನ್ನು ಗಂಡ ಇಸ್ಪೀಟಿಗೆ ಒಯ್ದರೆ ಅಣ್ಣನ ಚೀಟಿಯಲ್ಲಿ ಅದು ಕಾಣುವುದಿಲ್ಲ. ಹಾಗೆಯೇ ಬ್ಯಾಂಕು ಹೇಗಿದ್ದರೂ ಕೊಡುತ್ತಿದ್ದ ಸೌರವಿದ್ಯುತ್ತಿನ ಸಾಲಕ್ಕೆ ನಮ್ಮ ಹಸಿರು ದುಡ್ಡು ಸೇರಿದರೆ, ಆ ಸಾಲಕ್ಕೆಂದಿದ್ದ ಬೇರೆ ದುಡ್ಡು ಬಿಡುಗಡೆಯಾಗಿ ತನಗೆ ಬೇಕಾದ ದಾರಿ ಹಿಡಿಯುತ್ತದೆ. ಹಸಿರಿನ ಸಾಲ ನಿಜಕ್ಕೂ ಹೆಚ್ಚಿತೇ, ಹೊಗೆಯ ಸಾಲ ಕಡಿಮೆಯಾಯಿತೇ, ಈ ಎರಡನ್ನೂ ಒಟ್ಟಿಗೆ ನೋಡದೆ ಒಂದು ಕೊಡಪಾನವನ್ನು ತೋರಿಸಿ ಕೈಮುಗಿಸಿಕೊಳ್ಳುವುದು ನ್ಯಾಯವಲ್ಲ.

ಇಷ್ಟರ ಮೇಲೆ ಈ ಮಡಿಗೆ ದಕ್ಷಿಣೆಯನ್ನೂ ನಾವೇ ಕೊಡಬೇಕು. ಸ್ಟೇಟ್ ಬ್ಯಾಂಕು 2024ರ ಜನವರಿಯಲ್ಲಿ ತನ್ನ ಹಸಿರು ಠೇವಣಿಯನ್ನು ಆರಂಭಿಸಿತು. 1,111 ದಿನ, 1,777 ದಿನ, 2,222 ದಿನ ಎಂದು ಮೂರು ಅವಧಿ. ಬಡ್ಡಿ ಮಾತ್ರ ಮಾಮೂಲು ಠೇವಣಿಗಿಂತ ನೂರಕ್ಕೆ ಹತ್ತು ಪೈಸೆ ಕಡಿಮೆ. ಐದು ಲಕ್ಷ ಇಟ್ಟವಳಿಗೆ ವರ್ಷಕ್ಕೆ ಐನೂರು ರೂಪಾಯಿ ಖೋತಾ. ಐನೂರು ರೂಪಾಯಿ ದೊಡ್ಡದಲ್ಲ ಎನ್ನುತ್ತೀರಾ? ಅಲ್ಲ, ನಿಜ. ಆದರೆ ಈ ಹತ್ತು ಪೈಸೆಯನ್ನು ದೊಡ್ಡವರು ಬಿಟ್ಟುಕೊಟ್ಟರೇ ಎಂದು ನೋಡಬೇಕು.

ಕೇಂದ್ರ ಸರ್ಕಾರವೂ 2023ರ ಜನವರಿಯಿಂದ ಹಸಿರು ಸಾಲಪತ್ರಗಳನ್ನು ಹರಾಜು ಹಾಕುತ್ತಿದೆ. ಮೊದಲ ಆರ್ಥಿಕ ವರ್ಷದಲ್ಲಿ 16,000 ಕೋಟಿ ರೂಪಾಯಿ ಎತ್ತಿತು. ಇವನ್ನು ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ದೊಡ್ಡ ದೊಡ್ಡ ಫಂಡುಗಳು. ಪರಿಸರಕ್ಕಾಗಿ ಬಡ್ಡಿಯಲ್ಲಿ ತುಸು ಬಿಟ್ಟುಕೊಡಿ ಎಂದು ಅವರನ್ನು ಕೇಳಿದಾಗ ಅವರೇನು ಮಾಡಿದರು? 2024ರ ಮೇ ಕೊನೆಯಲ್ಲಿ 6,000 ಕೋಟಿಯ ಹಸಿರು ಸಾಲಪತ್ರ ಹರಾಜಿಗೆ ಬಂದಾಗ ಅದರಲ್ಲಿ ಮೂರನೆಯ ಒಂದು ಪಾಲೂ ಬಿಕರಿಯಾಗಲಿಲ್ಲ. ಹೂಡಿಕೆದಾರರು ಹೆಚ್ಚು ಬಡ್ಡಿ ಕೇಳಿದರು, ಸರ್ಕಾರ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು ಅವರ ಭೂಮಿತಾಯಿಯ ಪ್ರೀತಿ. ಕೋಟಿಗಳ ಲೆಕ್ಕದವರು ಬಿಡಲಾರದ ಪೈಸೆಯನ್ನು ಪಿಂಚಣಿಯ ಹೆಂಗಸು ಬಿಡಬೇಕು, ಅದಕ್ಕೆ ಅವಳನ್ನು ಪ್ರಕೃತಿಯ ಮಗಳು ಎಂದು ಹೊಗಳಬೇಕು. ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ತಳ ಹಿಡಿದ ಅನ್ನ ತಿನ್ನುವವಳನ್ನು ಅನ್ನಪೂರ್ಣೆ ಎನ್ನುತ್ತಾರಲ್ಲ, ಅದೇ ಹೊಗಳಿಕೆ ಇದು.

ನಾನು ಹುಟ್ಟಿ ಬೆಳೆದದ್ದು ಬ್ಯಾಂಕುಗಳ ತವರಿನಲ್ಲಿ. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದ್ದು ಈ ಅವಿಭಜಿತ ದಕ್ಷಿಣ ಕನ್ನಡದ ಮಣ್ಣಿನಲ್ಲೇ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಎಂಬ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಹಾಗೆ ಸೇರಿದ ಎರಡೆರಡಾಣೆ ನೇಕಾರನಿಗೆ, ಅಂಗಡಿಯವನಿಗೆ, ತೋಟದವನಿಗೆ ಸಾಲವಾಗಿ ಹೋಗುತ್ತಿತ್ತು. ಆ ಕಾಲ ಚಿನ್ನದ್ದಾಗಿತ್ತು ಎಂದು ನಾನು ಹಾಡುವುದಿಲ್ಲ. ಹೆಂಗಸರಿಂದ ಎರಡಾಣೆ ಪಡೆದಷ್ಟು ಸಲೀಸಾಗಿ ಹೆಂಗಸರಿಗೆ ಸಾಲ ಕೊಡುತ್ತಿರಲಿಲ್ಲ. ಆದರೆ ಒಂದು ಮಾತಿತ್ತು: ದುಡ್ಡು ಕಣ್ಣಳತೆಯಲ್ಲಿ ತಿರುಗುತ್ತಿತ್ತು. ಯಾರಿಗೆ ಕೊಟ್ಟರು, ಅವನು ಅದರಲ್ಲಿ ಏನು ಮಾಡಿದ ಎಂಬುದು ಪೇಟೆಗೆಲ್ಲ ಗೊತ್ತಿರುತ್ತಿತ್ತು. ಈಗ ಆ ನಾಲ್ಕರಲ್ಲಿ ಮೂರು ಬ್ಯಾಂಕುಗಳು 2019 ಮತ್ತು 2020ರ ವಿಲೀನದಲ್ಲಿ ಹೆಸರನ್ನೂ ಕಳೆದುಕೊಂಡವು. ದುಡ್ಡು ಇಲ್ಲಿಂದ ಮುಂಬಯಿ, ದೆಹಲಿಗೆ ಹೋಗಿ, ಅಲ್ಲಿ ದೊಡ್ಡ ದೊಡ್ಡ ಒಕ್ಕೂಟಗಳಲ್ಲಿ ಸೇರಿ, ಯಾವ ರಾಜ್ಯದ ಯಾವ ಗಣಿಗೋ ಸ್ಥಾವರಕ್ಕೋ ಹೋಗುತ್ತದೆ.

ಕೆಲವು ಸಲ ಬೇರೆಯವರ ದುಡ್ಡು ಹೀಗೆಯೇ ಸುತ್ತಿ ನಮ್ಮ ಹಿತ್ತಲಿಗೂ ಬರುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನೇ ನೋಡಿ. 600 ಮೆಗಾವಾಟ್‌ನ ಎರಡು ಘಟಕ, ಹಡಗಿನಲ್ಲಿ ಹೊರದೇಶದಿಂದ ಬರುವ ಕಲ್ಲಿದ್ದಲು. ಅದು ಬರುವ ಮೊದಲಿಂದಲೂ ಆ ಸುತ್ತಿನವರು ಬೇಡವೆಂದು ಹೋರಾಡಿದರು. ಬಂದ ಮೇಲೆ ಹಾರುಬೂದಿ, ಉಪ್ಪಾದ ಬಾವಿನೀರು, ಬಾಡಿದ ಬೆಳೆ ಎಂದು ದೂರಿದರು. ಆ ಸೀಮೆಯಲ್ಲಿ ಶಂಕರಪುರ ಮಲ್ಲಿಗೆ ಬೆಳೆಯುತ್ತದೆ. ಮಲ್ಲಿಗೆ ಎಂದರೆ ಬರಿಯ ಹೂವಲ್ಲ. ಬೆಳಗಿನ ಜಾವ ಎದ್ದು ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಅಟ್ಟೆ ಎಂದು ಲೆಕ್ಕ ಮಾಡಿ ಕಟ್ಟೆಗೆ ಕಳಿಸಿ, ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ಹೆಂಗಸರ ಬದುಕು ಅದು. ಮಲ್ಲಿಗೆಯ ಗಿಡಗಳು ಸೊರಗಿದವು ಎಂದು ಬೆಳೆಗಾರರು ಹೇಳುತ್ತಲೇ ಬಂದರು. ಕೊನೆಗೆ 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಪರಿಸರಕ್ಕಾದ ಹಾನಿಗಾಗಿ ಆ ಸ್ಥಾವರ ಸುಮಾರು 52 ಕೋಟಿ ರೂಪಾಯಿ ತೆರಬೇಕೆಂದು ಆದೇಶಿಸಿತು.

ಇಂಥ ಸ್ಥಾವರಗಳನ್ನು ಕಟ್ಟುವವರು ಎಲ್ಲ ಹಣವನ್ನೂ ತಮ್ಮ ಜೇಬಿನಿಂದ ಹಾಕುವುದಿಲ್ಲ. ವಿದ್ಯುತ್ ಯೋಜನೆಗಳಲ್ಲಿ ವಾಡಿಕೆಯಂತೆ ನೂರು ರೂಪಾಯಿ ವೆಚ್ಚದಲ್ಲಿ ಎಪ್ಪತ್ತು ರೂಪಾಯಿ ಸಾಲದ್ದು. ಸಾಲವೆಂದರೆ ಯಾರದ್ದು? ಮೂಲಕ್ಕೆ ಹೋದರೆ ಠೇವಣಿದಾರರದ್ದು. ದಂಡ ಬಿದ್ದಾಗ ಸ್ಥಾವರದ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಸಾಲ ಕೊಟ್ಟವರ ಹೆಸರು ಬರುವುದಿಲ್ಲ. ಬ್ಯಾಂಕಿಗೆ ಹೊಗೆಕೊಳವೆ ಇಲ್ಲವೆಂದು ಮೊದಲೇ ಹೇಳಿದೆನಲ್ಲ. ಬ್ಯಾಂಕಿನ ಹೊಗೆಕೊಳವೆ ಬೇರೆಯವರ ಊರಿನಲ್ಲಿರುತ್ತದೆ.

ಈ ಸತ್ಯ ಗೊತ್ತಾದರೆ ಇನ್ನೊಂದು ತಮಾಷೆಯೂ ಅರ್ಥವಾಗುತ್ತದೆ. ಈಗಿನ ಓದಿದ ಹುಡುಗಿಯರು ಠೇವಣಿ ಬಿಟ್ಟು ಮ್ಯೂಚುವಲ್ ಫಂಡಿಗೆ ಹೋಗುತ್ತಾರೆ. ಅಲ್ಲಿ ಇ.ಎಸ್.ಜಿ. ಎಂಬ ಫಂಡುಗಳಿವೆ. ಪರಿಸರ, ಸಮಾಜ, ಆಡಳಿತ ಮೂರರಲ್ಲೂ ಒಳ್ಳೆಯವರೆನಿಸಿದ ಕಂಪನಿಗಳಲ್ಲಿ ಮಾತ್ರ ಹಣ ಹೂಡುತ್ತೇವೆ ಎನ್ನುತ್ತವೆ. ಆ ಒಳ್ಳೆಯವರು ಯಾರು ಎಂದು ಪಟ್ಟಿ ತೆಗೆದು ನೋಡಿದರೆ ಮೇಲಿನ ಸಾಲುಗಳಲ್ಲಿ ಸಾಮಾನ್ಯವಾಗಿ ಸಿಗುವುದು ದೊಡ್ಡ ಬ್ಯಾಂಕುಗಳು, ದೊಡ್ಡ ಸಾಫ್ಟ್‌ವೇರ್ ಕಂಪನಿಗಳು! ಬ್ಯಾಂಕಿನ ಕಟ್ಟಡದಲ್ಲಿ ಬೂದಿ ಬೀಳುವುದಿಲ್ಲ, ಕಾಗದ ಉಳಿಸುತ್ತಾರೆ, ಚಾವಣಿಗೆ ಸೌರಫಲಕ ಹಾಕಿರುತ್ತಾರೆ. ಆದ್ದರಿಂದ ಅಂಕಗಳು ಬೀಳುತ್ತವೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಪರಿಸರದ ಲೆಕ್ಕವನ್ನೂ ಒಪ್ಪಿಸಬೇಕೆಂದು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಒಳ್ಳೆಯ ಕೆಲಸವೇ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಅದರ ಕಚೇರಿಯ ದೀಪ, ಫ್ಯಾನುಗಳ ಖರ್ಚು ಮುಖ್ಯವಲ್ಲ; ಅದರ ಸಾಲದಿಂದ ಎದ್ದ ಹೊಗೆ ಎಷ್ಟು ಎಂಬುದು ಮುಖ್ಯ. ಬಡ್ಡಿಗೆ ದುಡ್ಡು ಕೊಡುವ ಸಾಹುಕಾರನ ಜಗಲಿ ಸಾರಿಸಿ ರಂಗೋಲಿ ಹಾಕಿದೆಯೆಂದು ಅವನನ್ನು ಸಜ್ಜನ ಎನ್ನುತ್ತೇವೆಯೆ?

ಇದು ಬರಿಯ ಧರ್ಮದ ಪ್ರಶ್ನೆಯಲ್ಲ, ಗಂಟಿನ ಪ್ರಶ್ನೆಯೂ ಹೌದು. ಸಂಸತ್ತಿನ ಇಂಧನ ಸ್ಥಾಯಿ ಸಮಿತಿ 2018ರ ಮಾರ್ಚಿಯಲ್ಲಿ ಕೊಟ್ಟ ವರದಿಯಲ್ಲಿ ಸಂಕಷ್ಟಕ್ಕೆ ಸಿಲುಕಿದ 34 ಕಲ್ಲಿದ್ದಲು ವಿದ್ಯುತ್ ಯೋಜನೆಗಳ ಲೆಕ್ಕವಿದೆ. ಸುಮಾರು 40,000 ಮೆಗಾವಾಟ್, ಅವುಗಳ ಮೇಲೆ ಬಾಕಿಯಿದ್ದ ಸಾಲ ಸುಮಾರು 1.7 ಲಕ್ಷ ಕೋಟಿ ರೂಪಾಯಿ. ಕಲ್ಲಿದ್ದಲು ಸಿಗಲಿಲ್ಲ, ವಿದ್ಯುತ್ತು ಕೊಳ್ಳುವವರಿರಲಿಲ್ಲ. ಸಾಲ ಕೊಡುವಾಗ ಇದನ್ನೆಲ್ಲ ಯಾರು ನೋಡಿದರು? ಇಂಥ ಕೆಟ್ಟ ಸಾಲಗಳ ಭಾರದಿಂದ ಕುಸಿದ ಸರ್ಕಾರಿ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು 2017ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 2.11 ಲಕ್ಷ ಕೋಟಿಯ ಬಂಡವಾಳ ಯೋಜನೆಯನ್ನು ಸಾರಬೇಕಾಯಿತು. ಅದೂ ನಮ್ಮದೇ ತೆರಿಗೆ, ನಮ್ಮದೇ ದುಡ್ಡು.

ಇನ್ನು, ಹಸಿರು ಎಂಬ ಹೆಸರಿದ್ದದ್ದೆಲ್ಲ ಹಸಿರೇ ಎಂಬ ನಂಬಿಕೆಗೆ ಬರೋಣ. ನಲವತ್ತು ವರ್ಷಗಳ ಹಿಂದೆಯೂ ಈ ನಾಡಿನಲ್ಲಿ ಉದ್ಯಮದವರ ಹಸಿರು ಬಂದಿತ್ತು. ಅದರ ಹೆಸರು ನೀಲಗಿರಿ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸುವ ಯೋಜನೆ. ಕಾಗದದಲ್ಲಿ ನೋಡಿದರೆ ಪಾಳುಭೂಮಿ ಹಸಿರಾಯಿತು. ಆದರೆ ಕಾಗದ ಪಾಳು ಎಂದದ್ದು ಊರಿನವರಿಗೆ ಗೋಮಾಳ. ದನ ಮೇಯುವುದು, ಸೌದೆ ಸಿಗುವುದು, ಪೊರಕೆಯ ಹುಲ್ಲು, ಸೊಪ್ಪು ಸಿಗುವುದು ಅಲ್ಲೇ. ಸೌದೆ, ಸೊಪ್ಪು ತರುವವರು ಯಾರೆಂದು ನಿಮಗೆ ನಾನು ಹೇಳಬೇಕೆ? ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿಯ ಸಸಿ ಕಿತ್ತು ತಮಗೆ ಬೇಕಾದ ಹಣ್ಣು, ಮೇವಿನ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತು ನಡೆಸಿದ ಆ ಹೋರಾಟ ಬೀದಿಯಲ್ಲೂ ಸುಪ್ರೀಂ ಕೋರ್ಟಿನಲ್ಲೂ ಸಾಗಿ, 1991ರಲ್ಲಿ ಕಂಪನಿ ಬಾಗಿಲು ಹಾಕಿತು. ಹೊಸದಾಗಿ ನೀಲಗಿರಿ ನೆಡಕೂಡದೆಂದು ಕರ್ನಾಟಕ ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ಸರ್ಕಾರಕ್ಕೆ ಬುದ್ಧಿ ಬರಲು ಮೂವತ್ತು ವರ್ಷ ಬೇಕಾಯಿತು. ಕುಸನೂರಿನವರಿಗೆ ಮೊದಲೇ ಗೊತ್ತಿತ್ತು.

ಈಗಿನ ಹಸಿರು ಸೌರವಿದ್ಯುತ್ತು. ಇದು ನೀಲಗಿರಿಯಂಥದಲ್ಲ, ಬೇಕಾದದ್ದೇ. ಆದರೂ ಅದೇ ಪ್ರಶ್ನೆಯನ್ನು ಇದಕ್ಕೂ ಕೇಳಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನವಿದೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಒಂದು ಒಳ್ಳೆಯ ಕೆಲಸ ಮಾಡಿದರು: ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಸುವ ಕರಾರು. ಬರದ ಸೀಮೆಯ ರೈತನಿಗೆ ಮಳೆಯಿಲ್ಲದೆಯೂ ಬರುವ ಬೆಳೆ ಇದು. ಸರಿ. ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳಲು, ಕಳೆ ತೆಗೆಯಲು, ರಾಗಿ ಕೊಯ್ಯಲು ಹೋಗುತ್ತಿದ್ದ ಕೂಲಿಯ ಹೆಣ್ಣಿನ ಹೆಸರು ಯಾವ ಪಹಣಿಯಲ್ಲಿದೆ? ಹೊಲ ಹೋದರೆ ಅವಳ ಕೂಲಿಯೂ ಹೋಯಿತು. ಫಲಕ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ನಮ್ಮ ಹಸಿರು ದುಡ್ಡಿನ ಲೆಕ್ಕಪತ್ರದಲ್ಲಿ ಇಷ್ಟು ಮೆಗಾವಾಟ್ ಎಂದು ಬರೆಯುತ್ತಾರೆ. ಇಷ್ಟು ಮಂದಿಯ ಕೂಲಿ ಹೋಯಿತು ಎಂಬುದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ.

ಮನೆಯ ಚಾವಣಿಯ ಸೌರವಿದ್ಯುತ್ತಿಗೂ ಇದೇ ಮಾತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ, ಉಳಿದದ್ದಕ್ಕೆ ಬ್ಯಾಂಕು ಸಾಲ ಕೊಡುತ್ತದೆ. ಚಾವಣಿ ಇರಬೇಕು, ಅದು ನಿಮ್ಮದಾಗಿರಬೇಕು. ಬಾಡಿಗೆ ವಠಾರದಲ್ಲಿರುವ ಹಪ್ಪಳ ಮಾಡುವವಳಿಗೆ ಯಾವ ಚಾವಣಿ?

ಹಾಗಾದರೆ ಬ್ಯಾಂಕಿನಿಂದ ಪರಿಸರಕ್ಕೆ ಒಳಿತೇ ಆಗುವುದಿಲ್ಲವೆ ಎಂದು ನೀವು ಕೇಳಬಹುದು. ಆಗಿದೆ, ಅದೂ ಹಸಿರು ಎಂಬ ಹೆಸರಿಲ್ಲದೆಯೇ. 1995ರಲ್ಲಿ ಹರೀಶ್ ಹಂದೆ ಮತ್ತು ಜೊತೆಗಾರರು ಸೆಲ್ಕೋ ಸಂಸ್ಥೆ ಕಟ್ಟಿ ಹಳ್ಳಿಮನೆಗಳಿಗೆ ಸೌರದೀಪ ಹಾಕಲು ಹೊರಟಾಗ, ಬಡವರಿಗೆ ಇದಕ್ಕೆ ಸಾಲ ಕೊಟ್ಟರೆ ಬಾರದು ಎಂದವರೇ ಎಲ್ಲ. ಆಗ ಕೊಟ್ಟ ಮೊದಲಿಗರಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹಂದೆಯವರು ಹೇಳಿಕೊಂಡು ಬಂದ ಒಂದು ಸಂಗತಿಯಿದೆ: ಬೀದಿಯಲ್ಲಿ ವ್ಯಾಪಾರ ಮಾಡುವ ಹೆಂಗಸೊಬ್ಬಳು ಅವರಿಗೆ, ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟುವುದು ತನ್ನಿಂದ ಆಗದು, ದಿನಕ್ಕೆ ಹತ್ತಾದರೆ ಕಟ್ಟುತ್ತೇನೆ ಎಂದಳಂತೆ. ಲೆಕ್ಕ ಒಂದೇ. ಆದರೆ ದಿನದ ಗಳಿಕೆಯ ಬದುಕನ್ನು ಬಲ್ಲವರಿಗೆ ಮಾತ್ರ ಆ ವ್ಯತ್ಯಾಸ ತಿಳಿಯುತ್ತದೆ. 1928ರ ಎರಡಾಣೆಯ ಪಿಗ್ಮಿಗೆ ತಿಳಿದಿತ್ತು. 2,222 ದಿನ ಎಂದು ಅಂಕಿಯ ಆಟ ಆಡುವವರಿಗೆ ತಿಳಿದಿದೆಯೆ?

“ನಿಮ್ಮ ಮಿಕ್ಸಿ, ಗ್ರೈಂಡರು ನಡೆಯುವುದೂ ಅದೇ ಕಲ್ಲಿದ್ದಲಿನ ಕರೆಂಟಿನಿಂದಲೇ ಅಲ್ಲವೆ?” ಎಂದು ಚುಚ್ಚುವವರಿದ್ದಾರೆ. ಹೌದು, ಅದರಿಂದಲೇ. ನಾಳೆ ಬೆಳಿಗ್ಗೆಯೇ ಎಲ್ಲ ಸ್ಥಾವರ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಗ್ರೈಂಡರು ತಿರುಗಿಸುವವಳಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ ಎಂದರೆ, ಗಂಡನ ಅನ್ನ ತಿನ್ನುವವಳು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

ನಾನು ಠೇವಣಿ ಇಟ್ಟಿರುವ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅಲ್ಲಿ ಹೋಗಿ, ಹಸಿರು ಠೇವಣಿಯ ಹಣ ಕಳೆದ ವರ್ಷ ಯಾರ್‍ಯಾರಿಗೆ ಹೋಯಿತು, ಪಟ್ಟಿ ತೋರಿಸಿ ಎಂದೆ. ಕೌಂಟರಿನ ಹುಡುಗಿ ಪಾಪ, ನನ್ನ ಶಿಷ್ಯೆಯಾಗಬಹುದಾದ ವಯಸ್ಸು. “ಅದು ನಮಗೆ ಬರೋದಿಲ್ಲ ಮೇಡಂ, ವೆಬ್‌ಸೈಟಲ್ಲಿರ್ತದೆ,” ಎಂದಳು. ಮ್ಯಾನೇಜರರು ಕುಳ್ಳಿರಿಸಿ ಕಾಫಿ ತರಿಸಿದರು. “ಇಷ್ಟು ವರ್ಷದಲ್ಲಿ ಇದನ್ನ ಕೇಳಿದವರು ನೀವೇ ಮೊದಲು,” ಎಂದರು. ಪಟ್ಟಿ ಸಿಗಲಿಲ್ಲ. ಮೊಮ್ಮಗಳು ವೆಬ್‌ಸೈಟು ತೆರೆದುಕೊಟ್ಟಳು. ನಲವತ್ತು ಪುಟದ ಇಂಗ್ಲಿಷು, ನಮ್ಮ ಜಿಲ್ಲೆಯ ಹೆಸರು ಒಂದು ಕಡೆಯೂ ಇಲ್ಲ. ಹಸಿರಿಗೆಂದು ಪಡೆದ ಹಣವನ್ನು ಹಸಿರಿಗೆ ಹಾಕದಿದ್ದರೆ ಏನು ಶಿಕ್ಷೆ ಎಂದು ಹುಡುಕಿದೆ. ದಂಡವಿಲ್ಲ, ಮೇಲ್ವಿಚಾರಣೆಯಲ್ಲಿ ಗಮನಿಸಲಾಗುವುದು ಎಂಬುದು ರಿಸರ್ವ್ ಬ್ಯಾಂಕಿನ ಉತ್ತರ. ನಾವು ಸಾಲದ ಕಂತು ಒಂದು ದಿನ ತಡಮಾಡಿದರೆ ಮಾತ್ರ ದಂಡವಿದೆ.

ನಾವು ಕೇಳಬೇಕಾದದ್ದು ಬಹಳವೇನಿಲ್ಲ. ಒಂದು, ಸಣ್ಣ ಠೇವಣಿದಾರರ ಹಸಿರು ಠೇವಣಿಗೆ ಒಂದು ಪೈಸೆಯೂ ಕಡಿಮೆಯಿಲ್ಲದ ಬಡ್ಡಿ. ಪರಿಸರದ ಖರ್ಚನ್ನು ಪರಿಸರ ಕೆಡಿಸಿ ಲಾಭ ಮಾಡಿದವರಿಂದ ವಸೂಲು ಮಾಡಲಿ. ಎರಡು, ಹಸಿರು ಕೊಡಪಾನದ್ದು ಮಾತ್ರವಲ್ಲ, ಇಡೀ ಬಾವಿಯ ಲೆಕ್ಕ: ನೂರು ರೂಪಾಯಿ ಸಾಲದಲ್ಲಿ ಕಲ್ಲಿದ್ದಲಿಗೆಷ್ಟು, ಗಣಿಗೆಷ್ಟು, ಸೌರಕ್ಕೆಷ್ಟು, ಸಣ್ಣ ರೈತನಿಗೆಷ್ಟು ಎಂದು ಕನ್ನಡದಲ್ಲಿ, ಒಂದು ಪುಟದಲ್ಲಿ, ಪ್ರತಿ ಶಾಖೆಯ ಗೋಡೆಯ ಮೇಲೆ. ಸಸಿಯ ಚಿತ್ರಕ್ಕೆ ಜಾಗವಿದ್ದರೆ ಇದಕ್ಕೂ ಇದೆ. ಮೂರು, ಹಸಿರು ಸಾಲ ಪಡೆದ ಯೋಜನೆಯ ವರದಿಯಲ್ಲಿ ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಮೇಯಿಸುತ್ತಿದ್ದವರಿಗೆ ಏನಾಯಿತೆಂಬ ಲೆಕ್ಕ. ನಾಲ್ಕು, ಭೂಮಿಯ ಕಾಗದ, ಚಾವಣಿಯ ಕಾಗದ ಇಲ್ಲದ ಹೆಂಗಸಿಗೂ ದಿನಕ್ಕೆ ಹತ್ತರಂತೆ ತೀರಿಸುವ ಸಾಲ: ದೀಪಕ್ಕೆ, ಹೊಲಿಗೆಯಂತ್ರಕ್ಕೆ, ರೊಟ್ಟಿಯ ಯಂತ್ರಕ್ಕೆ, ಸೌರದ್ದೇ ಆಗಲಿ.

ಒಬ್ಬಳು ಕೇಳಿದರೆ ಕಾಫಿ ಕೊಟ್ಟು ಕಳಿಸುತ್ತಾರೆ, ಅದನ್ನು ನಾನು ಕುಡಿದು ಬಂದಿದ್ದೇನೆ. ಹತ್ತು ಮಂದಿ ಕೇಳಿದರೆ ಕಡತ ತೆಗೆಯುತ್ತಾರೆ. ನಮ್ಮ ಮಹಿಳಾ ಮಂಡಲಿಯಲ್ಲಿ ಮೂವತ್ತೆರಡು ಸದಸ್ಯೆಯರು, ಎಲ್ಲರದೂ ಒಂದಲ್ಲ ಒಂದು ಠೇವಣಿ ಇದೆ. ಮುಂದಿನ ತಿಂಗಳ ಸಭೆಯಲ್ಲಿ ಹಾಡು, ರಂಗೋಲಿ ಸ್ಪರ್ಧೆಯ ಜೊತೆಗೆ ಒಂದು ಅರ್ಜಿಯನ್ನೂ ಓದುವುದೆಂದು ಮಾಡಿದ್ದೇವೆ. ಮೇಲೆ ಹೇಳಿದ ನಾಲ್ಕು ಮಾತೇ ಅದರಲ್ಲಿರುವುದು. ನಿಮ್ಮ ಊರಿನಲ್ಲೂ ಬರೆಯಿರಿ. ಠೇವಣಿಯ ಅವಧಿ ಮುಗಿದು ಮತ್ತೆ ಸಹಿ ಹಾಕಲು ಹೋಗುವ ದಿನವೇ ಅದಕ್ಕೆ ಒಳ್ಳೆಯ ದಿನ. ಪೆನ್ನು ನಮ್ಮ ಕೈಯಲ್ಲಿರುವಷ್ಟು ಹೊತ್ತು ಬ್ಯಾಂಕಿನವರು ನಮ್ಮ ಮಾತು ಕೇಳುತ್ತಾರೆ. ಸಹಿ ಹಾಕುವ ಮೊದಲು ಕೇಳಿ.